ಸ್ಟೆಂಟೋರಿಯನ್ ಅಂದ್ರೆ ಬರೀ 'ಜೋರು' ಅಂತಾನಾ? ಕನ್ನಡದಲ್ಲಿ ಏನಂತ ಬರೀಲಿ?

ಹಾಳೆಮಡಿಕೆ
ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದದ ಹತ್ರ ಮೂರು ದಿನದಿಂದ ಸಿಕ್ಕಾಕೊಂಡಿದೀನಿ. ಒಂದು ಹಡಗಿನ ಕಥೆ ಅನುವಾದ ಮಾಡ್ತಿದೀನಿ, ಅದರಲ್ಲಿ ಬಿರುಗಾಳಿ ಎದ್ದಾಗ ಕ್ಯಾಪ್ಟನ್ ಡೆಕ್ ಮೇಲೆ ನಿಂತು 'ಸ್ಟೆಂಟೋರಿಯನ್' ದನಿಯಲ್ಲಿ ಹಾಯಿ ಇಳಿಸೋಕೆ ಹೇಳ್ತಾನೆ. ಡಿಕ್ಷನರಿ ತೆಗೆದ್ರೆ 'ಬಹಳ ಗಟ್ಟಿಯಾದ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೆ. ಮೊದಲು 'ಕರ್ಕಶ ದನಿಯಲ್ಲಿ' ಅಂತ ಬರೆದೆ, ಓದಿ ನೋಡಿದವರು ಕ್ಯಾಪ್ಟನ್ ವಿಲನ್ ಥರ ಕಾಣ್ತಾನಲ್ಲ ಅಂದ್ರು. ಆಮೇಲೆ 'ಗಟ್ಟಿಯಾಗಿ ಕೂಗಿದ' ಅಂತ ಮಾಡಿದೆ, ಸಾಲು ಸಪ್ಪೆ ಆಗೋಯ್ತು, ಯಾರೋ ಪಕ್ಕದ ರೂಮಿನವರನ್ನ ಕರೆದ ಹಾಗೆ. ಈ ಪದ ಎಲ್ಲಿಂದ ಬಂತು, ಗಟ್ಟಿ ಅನ್ನೋದು ಬಿಟ್ಟು ಇನ್ನೇನು ಅರ್ಥ ಇದೆ ಇದಕ್ಕೆ, ಒಳ್ಳೇದಾ ಕೆಟ್ಟದಾ? ಗೊತ್ತಿರೋರು ದಯವಿಟ್ಟು ಹೇಳಿ.

ದಾರಿಹೋಕ
ಹೃದಯಕ್ಕೆ ಹಾಕೋ ಸ್ಟೆಂಟ್ ಇದೆಯಲ್ಲ, ಅದರಿಂದ ಬಂದಿರಬೇಕು. ಅಗಲ ಮಾಡಿದ ಗಂಟಲು, ಹಾಗಾಗಿ ಜೋರು ದನಿ. ನನ್ನ ಊಹೆ ಅಷ್ಟೆ.

ವಾರ್ಡ್‌ನಂಬರ್7
ಇಲ್ಲ ಇಲ್ಲ, ಸ್ಟೆಂಟ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಚಾರ್ಲ್ಸ್ ಸ್ಟೆಂಟ್ ಅಂತ 19ನೇ ಶತಮಾನದ ಇಂಗ್ಲೆಂಡಿನ ದಂತವೈದ್ಯ, ಹಲ್ಲಿನ ಅಚ್ಚು ತೆಗೆಯೋಕೆ ಒಂದು ಮೇಣದಂಥ ಪದಾರ್ಥ ಮಾಡಿದ್ದ. ಅವನ ಹೆಸರೇ ತಿರುಗಿ ತಿರುಗಿ ಕೊನೆಗೆ ರಕ್ತನಾಳದ ಕೊಳವೆಗೆ ಅಂಟಿಕೊಂಡ್ತು. ದನಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ.

ಇನ್ನೊಂದು ಮಾತು, ಇದನ್ನ 'ಸ್ಟರ್ಟೊರಸ್' ಜೊತೆ ಬೆರೆಸಿಕೋಬೇಡಿ ದಯವಿಟ್ಟು. ಅದು ನಾವು ರೋಗಿಯ ಉಸಿರಾಟಕ್ಕೆ ಹೇಳೋ ಪದ, ಪ್ರಜ್ಞೆ ಇಲ್ಲದವರು ಗೊರಗೊರ ಅಂತ ಗೊರಕೆ ಥರ ಉಸಿರು ಎಳೆಯೋದಕ್ಕೆ. ಲ್ಯಾಟಿನ್‌ನಲ್ಲಿ ಗೊರಕೆ ಹೊಡೆಯೋದು ಅನ್ನೋದರಿಂದ ಬಂದಿದ್ದು. ಟ್ರೈನಿಂಗ್‌ನಲ್ಲಿದ್ದಾಗ ನಾನು ಒಂದು ಕೇಸ್ ಶೀಟ್‌ನಲ್ಲಿ ಸ್ಟರ್ಟೊರಸ್ ಬದಲು ಸ್ಟೆಂಟೋರಿಯನ್ ಅಂತ ಬರೆದಿದ್ದೆ, ಸೀನಿಯರ್ ಸಿಸ್ಟರ್ ಪಕ್ಕಕ್ಕೆ ಕೂರಿಸಿಕೊಂಡು ಎರಡಕ್ಕೂ ವ್ಯತ್ಯಾಸ ತಿಳಿಸಿದ್ರು. ಅವತ್ತಿಂದ ಮರೆತಿಲ್ಲ.

ಹಳೆಬೆಂಚು
ಇದು ಗ್ರೀಕ್ ಕವಿ ಹೋಮರನ ಇಲಿಯಡ್ ಮಹಾಕಾವ್ಯದಿಂದ ಬಂದ ಪದ ಕಣಮ್ಮ. ಟ್ರಾಯ್ ಯುದ್ಧದಲ್ಲಿ ಗ್ರೀಕರ ಕಡೆ ಸ್ಟೆಂಟಾರ್ ಅಂತ ಒಬ್ಬ ಇದ್ದ, ಸಾರುವವನು, ಅಂದ್ರೆ ಸೈನ್ಯಕ್ಕೆಲ್ಲ ಕೇಳೋ ಹಾಗೆ ಆಜ್ಞೆ ಕೂಗಿ ಹೇಳೋನು. ಐವತ್ತು ಜನ ಒಟ್ಟಿಗೆ ಕೂಗಿದ್ರೆ ಎಷ್ಟು ಸದ್ದು ಆಗುತ್ತೋ ಅಷ್ಟು ಸದ್ದು ಅವನೊಬ್ಬನದೇ ಗಂಟಲಿನಿಂದ. ಅವನ ಹೆಸರಿಂದಲೇ ಈ ವಿಶೇಷಣ. 17ನೇ ಶತಮಾನದ ಶುರುವಿನ ಹೊತ್ತಿಗೆ ಇಂಗ್ಲಿಷ್‌ಗೆ ಬಂತು. ಒತ್ತು ಎರಡನೇ ಅಕ್ಷರದ ಮೇಲೆ, ಸ್ಟೆನ್-ಟೋ-ರಿಯನ್. ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದೀನಿ, ಈ ಪದ ಬಂದಾಗಲೆಲ್ಲ ಮಕ್ಕಳಿಗೆ ಈ ಕಥೆ ಹೇಳಿಯೇ ಮುಂದೆ ಹೋಗ್ತಿದ್ದೆ.

ಇರುಳೋದುಗ
ಗುರುಗಳೇ ಒಂದು ಚಿಕ್ಕ ತಿದ್ದುಪಡಿ, ತಪ್ಪು ತಿಳ್ಕೋಬೇಡಿ. ಇಲಿಯಡ್‌ನಲ್ಲಿ ಸ್ಟೆಂಟಾರ್ ಬರೋದೇ ಒಂದು ಸಲ, 5ನೇ ಕಾಂಡದಲ್ಲಿ, ಆ ಒಂದು ಸಲಾನೂ ಅವನೇ ಕೂಗಲ್ಲ! ಹೇರಾ ದೇವಿ ಅವನ ರೂಪ ಹೊತ್ತುಕೊಂಡು ಬಂದು ಗ್ರೀಕರನ್ನ ಬೈತಾಳೆ, ನಾಚಿಕೆ ಆಗಲ್ವಾ ನಿಮಗೆ, ನಿಮ್ಮ ಮಹಾವೀರ ಅಕಿಲೀಸ್ ಯುದ್ಧಕ್ಕೆ ಬರ್ತಿದ್ದಾಗ ಟ್ರಾಯ್‌ನವರು ಬಾಗಿಲು ದಾಟಿ ಈಚೆ ಬರ್ತಿರಲಿಲ್ಲ, ಈಗ ನೋಡಿ ಹಡಗಿನ ಹತ್ರಾನೇ ಬಂದು ಹೊಡೆದಾಡ್ತಿದಾರೆ ಅಂತ. ಅಂದ್ರೆ ನಮಗೆ ಕೇಳಿಸೋದು ಹೇರಾಳ ಮಾತು, ಸ್ಟೆಂಟಾರನ ದನಿ. ಪಾಪ ಅವನು ಆ ಹೊತ್ತಲ್ಲಿ ಎಲ್ಲಿದ್ದ ಅಂತಾನೂ ಹೋಮರ್ ಹೇಳಲ್ಲ.

ಮೆಂಟರ್ ಅನ್ನೋ ಪದದ ಕಥೆನೂ ಹೀಗೇ ಇರೋದು ಗಮನಿಸಿ. ಒಡಿಸ್ಸಿಯಲ್ಲಿ ಮೆಂಟರ್ ಅನ್ನೋ ಮುದುಕನ ರೂಪದಲ್ಲಿ ಬಂದು ಹುಡುಗನಿಗೆ ದಾರಿ ತೋರಿಸೋದು ಅಥೀನಾ ದೇವಿ. ಸ್ಟೆಂಟಾರ್, ಮೆಂಟರ್, ಇಬ್ಬರ ಹೆಸರೂ ಉಳಿದಿದ್ದು ಬೇರೆಯವರು ಅವರ ವೇಷ ಹಾಕಿದ್ದರಿಂದ. ಇದು ನನಗೆ ಹೊಳೆದ ದಿನ ರಾತ್ರಿ ನಿದ್ದೆನೇ ಬರಲಿಲ್ಲ, ಅಷ್ಟು ಖುಷಿ.

ಹಳೆಬೆಂಚು
ತಪ್ಪೇನಿದೆ ಮಾರಾಯ, ನೀನು ಹೇಳಿದ್ದೇ ಸರಿ. ಇಷ್ಟು ವರ್ಷ ಅವನೇ ಕೂಗಿದ ಅಂತ ಹೇಳಿಕೊಟ್ಟೆನಲ್ಲ ಅಂತ ಈಗ ಬೇಜಾರಾಗ್ತಿದೆ.

ನೀಲಿಶಾಯಿ
ಅದೇ 5ನೇ ಕಾಂಡದಲ್ಲಿ ಇನ್ನೂ ಸ್ವಲ್ಪ ಮುಂದೆ ಹೋದ್ರೆ ಯುದ್ಧದೇವತೆ ಏರೀಸ್‌ಗೆ ಗ್ರೀಕ್ ವೀರ ಡಯೊಮಿಡೀಸನ ಈಟಿ ತಾಗುತ್ತೆ, ಆಗ ಅವನು ಕಿರುಚೋದು ಒಂಬತ್ತು ಸಾವಿರ ಹತ್ತು ಸಾವಿರ ಜನ ಒಟ್ಟಿಗೆ ಅರಚಿದ ಹಾಗೆ ಅಂತ ಇದೆ. ಐವತ್ತೆಲ್ಲಿ ಹತ್ತು ಸಾವಿರ ಎಲ್ಲಿ! ಹಾಗಿದ್ರೆ ಗಟ್ಟಿ ದನಿಗೆ ಏರೀಸ್ ಹೆಸರು ಯಾಕೆ ಬರಲಿಲ್ಲ?

ಕಥೆಕೇಳುಗ
ಏರೀಸ್ ಕಿರುಚಿದ್ದು ನೋವಿಗೆ. ಸ್ಟೆಂಟಾರ್ ಕೂಗೋದು ಕೆಲಸಕ್ಕೆ, ಇನ್ನೊಬ್ಬರಿಗೆ ಮಾತು ಮುಟ್ಟಲಿ ಅಂತ. ಅಲ್ಲೇ ಇದೆ ವ್ಯತ್ಯಾಸ. ಅಕ್ಕ ಕೇಳಿದ 'ಒಳ್ಳೇದಾ ಕೆಟ್ಟದಾ' ಅನ್ನೋ ಪ್ರಶ್ನೆಗೂ ಇದೇ ಉತ್ತರ ಅನ್ಸುತ್ತೆ.

ಅಲೆಉದ್ದ
ಐವತ್ತು ಜನ ಅಂದಿದ್ದಕ್ಕೆ ಒಂದು ಲೆಕ್ಕ ಹಾಕಿ ನೋಡಿದೆ. ಐವತ್ತು ಪಟ್ಟು ಶಕ್ತಿ ಅಂದ್ರೆ ಡೆಸಿಬಲ್‌ನಲ್ಲಿ ಬರೀ 17 ಜಾಸ್ತಿ. ಮನುಷ್ಯ ಗಂಟಲು ಬಿಚ್ಚಿ ಕೂಗಿದ್ರೆ ಒಂದು ಮೀಟರ್ ದೂರದಲ್ಲಿ ಸುಮಾರು 88 ಡೆಸಿಬಲ್ ಅಂತ ಇಟ್ಕೊಳ್ಳಿ, ಸ್ಟೆಂಟಾರ್‌ದು 105 ಆಯ್ತು. ನಮ್ಮ ಕಿವಿಗೆ 10 ಡೆಸಿಬಲ್ ಏರಿದ್ರೆ ಸದ್ದು ಹತ್ತಿರತ್ತಿರ ಎರಡು ಪಟ್ಟು ಆದ ಹಾಗೆ ಅನ್ಸುತ್ತೆ, ಆ ಲೆಕ್ಕದಲ್ಲಿ ಐವತ್ತು ಜನರ ದನಿ ಒಬ್ಬನ ದನಿಗಿಂತ ಮೂರು ಪಟ್ಟು ಸ್ವಲ್ಪ ಜಾಸ್ತಿ ಜೋರಾಗಿ ಕೇಳುತ್ತೆ ಅಷ್ಟೆ. ಹತ್ತು ಸಾವಿರ ಜನ ಅಂದ್ರೂ 40 ಡೆಸಿಬಲ್, ಕಿವಿಗೆ ಹದಿನಾರು ಪಟ್ಟು. ಹೋಮರ್ ಹೇಳಿದಷ್ಟು ದೊಡ್ಡದಲ್ಲ ಇದು.

ಇರುಳೋದುಗ
ಕಾವ್ಯಕ್ಕೆ ಡೆಸಿಬಲ್ ಮೀಟರ್ ಹಿಡಿಯೋದು ಸರಿನಾ? ಐವತ್ತು ಅಂದ್ರೆ ಬಹಳ ಅಂತ ಅರ್ಥ.

ಅಲೆಉದ್ದ
ತಡೀರಿ, ನಾನು ಹೋಮರನ್ನ ಕೆಳಗಿಳಿಸೋಕೆ ಬಂದಿಲ್ಲ, ಲೆಕ್ಕ ಅರ್ಧಕ್ಕೇ ನಿಲ್ಲಿಸಿದ್ದೆ. ಹತ್ತಿರ ನಿಂತು ಕೇಳೋನಿಗೆ ಮೂರು ಪಟ್ಟು, ಆದ್ರೆ ದೂರದ ಲೆಕ್ಕ ಬೇರೆ. ಬಯಲಲ್ಲಿ ದೂರ ಎರಡು ಪಟ್ಟಾದ್ರೆ ಸದ್ದಿನ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ, ಅಂದ್ರೆ ಐವತ್ತು ಪಟ್ಟು ಶಕ್ತಿಯ ದನಿ ಎಷ್ಟು ಪಟ್ಟು ದೂರ ಹೋಗುತ್ತೆ ಅಂತ ನೋಡೋಕೆ ಐವತ್ತರ ವರ್ಗಮೂಲ ತೆಗೀಬೇಕು, ಸುಮಾರು 7. ಸಾಮಾನ್ಯ ಸೈನಿಕನ ಕೂಗು 100 ಮೀಟರ್‌ವರೆಗೆ ಅರ್ಥ ಆಗೋ ಹಾಗೆ ಕೇಳಿದ್ರೆ ಸ್ಟೆಂಟಾರನದು 700 ಮೀಟರ್‌ವರೆಗೆ ಕೇಳುತ್ತೆ, ಗಾಳಿ ಗದ್ದಲ ಎಲ್ಲ ಬಿಟ್ಟು. ಒಬ್ಬನೇ ನಿಂತು ಇಡೀ ರಣರಂಗಕ್ಕೆ ಆಜ್ಞೆ ಮುಟ್ಟಿಸಬಹುದು. ಸಾರುವವನಿಗೆ ಬೇಕಾಗಿರೋದು ಅದೇ ಅಲ್ವಾ, ಹತ್ತಿರದವರ ಕಿವಿ ಕಿವುಡು ಮಾಡೋದಲ್ಲ, ದೂರದವನಿಗೆ ಮುಟ್ಟಿಸೋದು.

ಇರುಳೋದುಗ
ಹಾಗಾದ್ರೆ ನಿಮ್ಮ ಮಾತು ಪೂರ್ತಿ ಒಪ್ಪಿದೆ. ಅರಿಸ್ಟಾಟಲ್ ಕೂಡ ಸ್ಟೆಂಟಾರನ್ನ ನೆನೆಯೋದು ದೂರದ ವಿಚಾರಕ್ಕೇ. ರಾಜಕೀಯದ ಬಗ್ಗೆ ಬರೆದ ಗ್ರಂಥದ 7ನೇ ಭಾಗದಲ್ಲಿ ಒಂದು ನಗರರಾಜ್ಯ ಎಷ್ಟು ದೊಡ್ಡದಿರಬೇಕು ಅಂತ ಚರ್ಚೆ ಮಾಡ್ತಾ, ಜನ ಮಿತಿಮೀರಿ ಇದ್ರೆ ಅಷ್ಟೂ ಜನಕ್ಕೆ ಸಾರೋನು ಯಾರು, ಸ್ಟೆಂಟಾರನ ಗಂಟಲೇ ಬೇಕಾಗುತ್ತೆ ಅನ್ನೋ ಅರ್ಥದಲ್ಲಿ ಕೇಳ್ತಾನೆ. ಒಬ್ಬನ ದನಿ ಎಲ್ಲಿವರೆಗೆ ಮುಟ್ಟುತ್ತೋ ಅಲ್ಲಿವರೆಗೇ ಊರು. ಮೈಕ್ ಇಲ್ಲದ ಕಾಲದಲ್ಲಿ ಇದು ಎಷ್ಟು ನಿಜವಾದ ಮಿತಿ ಅಂತ ಯೋಚನೆ ಮಾಡಿ.

ಅಲೆಉದ್ದ
ಇದನ್ನ ನಿಜವಾಗ್ಲೂ ಅಳೆದವರಿದಾರೆ. ಬೆಂಜಮಿನ್ ಫ್ರಾಂಕ್ಲಿನ್! 1739ರಲ್ಲಿ ಜಾರ್ಜ್ ವಿಟ್‌ಫೀಲ್ಡ್ ಅನ್ನೋ ಪಾದ್ರಿ ಫಿಲಡೆಲ್ಫಿಯಾಗೆ ಬಂದಿದ್ದ, ಬಯಲಲ್ಲಿ ನಿಂತು ಪ್ರವಚನ ಮಾಡೋನು, ಸ್ಪಷ್ಟವಾದ ಭಾರೀ ದನಿ. ಅವನು ಕೋರ್ಟ್ ಕಟ್ಟಡದ ಮೆಟ್ಟಿಲ ಮೇಲೆ ನಿಂತು ಮಾತಾಡ್ತಿದ್ದಾಗ ಫ್ರಾಂಕ್ಲಿನ್ ದನಿ ಎಲ್ಲಿವರೆಗೆ ಕೇಳುತ್ತೆ ಅಂತ ನೋಡೋಕೆ ನದಿ ಕಡೆಗೆ ಹಿಂದೆ ಹಿಂದೆ ನಡ್ಕೊಂಡು ಹೋದ. ಆ ದೂರವನ್ನ ಅರ್ಧವೃತ್ತದ ತ್ರಿಜ್ಯ ಅಂತ ಇಟ್ಕೊಂಡು, ಒಬ್ಬೊಬ್ಬರಿಗೆ ಎರಡು ಚದರಡಿ ಜಾಗ ಕೊಟ್ಟು ಲೆಕ್ಕ ಹಾಕಿದ್ರೆ 30,000ಕ್ಕೂ ಹೆಚ್ಚು ಜನಕ್ಕೆ ಕೇಳಬಹುದು ಅಂತ ಬಂತು. ಹಳೇ ಕಾಲದ ಸೇನಾಪತಿಗಳು ಇಡೀ ಸೈನ್ಯಕ್ಕೆ ಭಾಷಣ ಮಾಡ್ತಿದ್ರು ಅನ್ನೋದರ ಬಗ್ಗೆ ತನಗೆ ಅನುಮಾನ ಇತ್ತು, ಇದಾದ ಮೇಲೆ ನಂಬಿಕೆ ಬಂತು ಅಂತ ಆತ್ಮಕಥೆಯಲ್ಲಿ ಬರೆದಿದಾನೆ.

ದಾರಿಹೋಕ
ಎರಡು ಚದರಡಿಯಲ್ಲಿ ಒಬ್ಬ ನಿಲ್ಲೋಕಾಗುತ್ತಾ? ತುಂಬಾ ಇಕ್ಕಟ್ಟು.

ಅಲೆಉದ್ದ
ಹೌದು ಇಕ್ಕಟ್ಟೇ. ನಾಲ್ಕು ಚದರಡಿ ಅಂದ್ರೂ 15,000 ಜನ ಆಯ್ತಲ್ಲ.

ಹಾಳೆಮಡಿಕೆ
ಅಯ್ಯೋ ಎಷ್ಟು ವಿಷಯ ಬಂತು! ಎಲ್ಲರಿಗೂ ಥ್ಯಾಂಕ್ಸ್. ಅಂದ್ರೆ ಇದು ಕರ್ಕಶ ಅಂತೂ ಅಲ್ಲವೇ ಅಲ್ಲ, ದೂರಕ್ಕೆ ಮುಟ್ಟೋ, ಅಧಿಕಾರ ಇರೋ, ತುಂಬಿದ ದನಿ. ಸರಿ, ಅದಕ್ಕೆ ಕನ್ನಡದಲ್ಲಿ ಏನನ್ನೋಣ?

ನೀಲಿಶಾಯಿ
ಮೇಘಗಂಭೀರ.

ಕಥೆಕೇಳುಗ
ಮೇಘಗಂಭೀರದಲ್ಲಿ ಗಾಂಭೀರ್ಯ ಇದೆ, ಜೋರು ಇಲ್ಲ. ಮೆತ್ತಗೆ ಮಾತಾಡಿದ್ರೂ ಮೇಘಗಂಭೀರ ಅನ್ನಬಹುದು. ಬಿರುಗಾಳಿಯಲ್ಲಿ ಕ್ಯಾಪ್ಟನ್ ಗಂಭೀರವಾಗಿ ನಿಂತ್ರೆ ಹಡಗು ಮುಳುಗುತ್ತೆ.

ದಾರಿಹೋಕ
ಸಿಂಹಗರ್ಜನೆ?

ಕಥೆಕೇಳುಗ
ಸವೆದುಹೋಗಿದೆ ಆ ಪದ. ಎಲ್ಲರೂ ಎಲ್ಲದಕ್ಕೂ ಬಳಸಿ ಅದರ ಹಲ್ಲು ಉದುರಿದೆ.

ಬೇರುಗೆಳೆಯ
ತಡವಾಗಿ ಬಂದೆ. ಅನುವಾದದ ಪ್ರಶ್ನೆಗೆ ಉತ್ತರ ಹೋಮರನ ಸಾಲಲ್ಲೇ ಇದೆ, ಯಾರೂ ಹೇಳದೇ ಇರೋದು ಆಶ್ಚರ್ಯ! ಅಲ್ಲಿ ಸ್ಟೆಂಟಾರನಿಗೆ ಕೊಟ್ಟಿರೋ ವಿಶೇಷಣ ಗ್ರೀಕ್‌ನಲ್ಲಿ 'ಖಾಲ್ಕೆಯೋಫೋನೋಸ್'. ಖಾಲ್ಕೋಸ್ ಅಂದ್ರೆ ಕಂಚು, ತಾಮ್ರಕ್ಕೂ ಅದೇ ಪದ. ಫೋನೇ ಅಂದ್ರೆ ದನಿ, ಟೆಲಿಫೋನ್‌ನಲ್ಲಿ ಇರೋದೇ. ಪದಕ್ಕೆ ಪದ ಇಟ್ರೆ 'ಕಂಚಿನ ದನಿಯವನು'. ನಾವು ಏನಂತೀವಿ? ಕಂಚಿನ ಕಂಠ! ಅವರಿಂದ ನಾವು ತಗೊಂಡಿದ್ದಲ್ಲ ನಮ್ಮಿಂದ ಅವರು ತಗೊಂಡಿದ್ದಲ್ಲ, ಬಡಿದ್ರೆ ಖಣ್ ಅಂತ ದೂರದವರೆಗೆ ಅನುರಣನ ಆಗೋ ಲೋಹ ಅದು, ಅದನ್ನ ಕೇಳಿದ ಯಾರಿಗಾದ್ರೂ ಗಟ್ಟಿ ಗಂಟಲಿನ ನೆನಪಾಗುತ್ತೆ.

ಹಾಳೆಮಡಿಕೆ
ಮೈ ಜುಮ್ ಅಂತು ಇದನ್ನ ಓದಿ. ನಿಜವಾಗ್ಲೂ.

ಬೇರುಗೆಳೆಯ
ಇನ್ನೂ ಇದೆ ಮೇಡಂ. ಸ್ಟೆಂಟಾರ್ ಅನ್ನೋ ಹೆಸರಿನ ಬೇರು ನೋಡಿ. ಗ್ರೀಕ್‌ನಲ್ಲಿ 'ಸ್ತೆನೋ' ಅಂದ್ರೆ ನರಳು, ಹೂಂಕರಿಸು. ಇದಕ್ಕೂ ಸಂಸ್ಕೃತದ 'ಸ್ತನ್' ಧಾತುವಿಗೂ ನಂಟಿದೆ ಅಂತ ಭಾಷಾಶಾಸ್ತ್ರದವರು ಹೇಳ್ತಾರೆ. ಆ ಧಾತುವಿನಿಂದ ಬಂದಿದ್ದೇ 'ಸ್ತನಿತ', 'ಸ್ತನಯಿತ್ನು', ಎರಡಕ್ಕೂ ಗುಡುಗು ಅಂತ ಅರ್ಥ. ಬೃಹದಾರಣ್ಯಕ ಉಪನಿಷತ್ತಿನಲ್ಲಿ ದ ದ ದ ಅಂತ ಗುಡುಗೋದು ಈ ಸ್ತನಯಿತ್ನುವೇ. ಇಂಗ್ಲಿಷ್‌ನ ಥಂಡರ್, ಗುಡುಗಿನ ದೇವರು ಥಾರ್, ಅವನ ಹೆಸರಿನ ಥರ್ಸ್‌ಡೇ, ಲ್ಯಾಟಿನ್‌ನ ಗುಡುಗಿನಿಂದ ಬಂದ ಡೆಟೊನೇಟ್, ಎಲ್ಲ ಇದೇ ಬಳಗ.

ನೀಲಿಶಾಯಿ
ಶುರುವಾಯ್ತು, ಎಲ್ಲವೂ ಸಂಸ್ಕೃತದಿಂದಲೇ ಬಂದಿದ್ದು ಅನ್ನೋದು.

ಬೇರುಗೆಳೆಯ
ನಾನು ಹಾಗೆ ಹೇಳಿಲ್ಲ, ಇನ್ನೊಮ್ಮೆ ಓದಿ. ಗ್ರೀಕ್ ಸಂಸ್ಕೃತದಿಂದ ಹುಟ್ಟಿದ್ದಲ್ಲ, ಎರಡೂ ಅದಕ್ಕಿಂತ ಹಳೇದಾದ ಒಂದು ಭಾಷೆಯ ಮಕ್ಕಳು, ಅಕ್ಕ ತಂಗಿ ಅಷ್ಟೆ. ಕನ್ನಡ ಆ ಮನೆಯದಲ್ಲ, ದ್ರಾವಿಡ ಮನೆಯದು. ಗುಡುಗು, ಸಿಡಿಲು, ಕೂಗು, ಅಬ್ಬರ ಇವೆಲ್ಲ ನಮ್ಮವು. ಸ್ತನಿತ ನಮಗೆ ಕಾವ್ಯದ ಮೂಲಕ ಬಂದ ಎರವಲು.

ನೀಲಿಶಾಯಿ
ಸರಿ, ಅವಸರದಲ್ಲಿ ಓದಿದೆ. ಕ್ಷಮಿಸಿ. ಹಾಗಾದ್ರೆ ಇಂಗ್ಲಿಷ್‌ನ 'ಲೌಡ್' ಎಲ್ಲಿಯದು?

ಬೇರುಗೆಳೆಯ
ಅದು ಇನ್ನೂ ಚೆನ್ನಾಗಿದೆ. ಲೌಡ್‌ನ ಮೂಲ ಅರ್ಥ 'ಕೇಳಿಸಿದ್ದು'. ಸಂಸ್ಕೃತದ 'ಶ್ರುತ'ಕ್ಕೂ ಅದಕ್ಕೂ ಒಂದೇ ಮೂಲರೂಪ. ನಾವು ಶ್ರುತಿ, ಶ್ರವಣ, ವಿಶ್ರುತ ಅಂತೆಲ್ಲ ಹೇಳ್ತೀವಲ್ಲ, ಆ ಬೇರೇ ಅಲ್ಲಿ ಲೌಡ್ ಆಗಿದೆ. ಗ್ರೀಕ್‌ನಲ್ಲಿ ಅದೇ ರೂಪ 'ಕ್ಲುತೋಸ್', ಅರ್ಥ ಹೆಸರುವಾಸಿ. ಒಬ್ಬರಿಗೆ ಕೇಳಿಸಿದ್ದು ಪವಿತ್ರ ಆಯ್ತು, ಒಬ್ಬರಿಗೆ ಕೀರ್ತಿ ಆಯ್ತು, ಒಬ್ಬರಿಗೆ ಜೋರು ಆಯ್ತು.

ಹಳೆಬೆಂಚು
ಜೋರು ಅನ್ನೋ ನಮ್ಮ ಪದ ಕೂಡ ಪಾರಸಿಯಿಂದ ಬಂದ ಅತಿಥಿ, ಮೂಲದಲ್ಲಿ ಬಲ ಅಂತ ಅರ್ಥ.

ಅದಿರಲಿ, ಗಟ್ಟಿ ದನಿ ಅಂದ ತಕ್ಷಣ ರನ್ನನ ಗದಾಯುದ್ಧ ನೆನಪಾಗದೆ ಇದ್ರೆ ಹೇಗೆ. ವೈಶಂಪಾಯನ ಸರೋವರದಲ್ಲಿ ಅಡಗಿ ಕೂತ ದುರ್ಯೋಧನ, ದಡದಲ್ಲಿ ಭೀಮನ ಆರ್ಭಟ. ಸಿಂಹದ ದನಿಯನ್ನ ಗೆದ್ದ, ಗುಡುಗನ್ನೂ ಹಿಂದೆ ಹಾಕಿದ ರವ ಅಂತಾನೆ ರನ್ನ, ಅದನ್ನ ಕೇಳಿ ನೀರಿನ ಒಳಗಿದ್ದೂ ದುರ್ಯೋಧನ ಬೆವರಿದ. ಹೋಮರ್ ಐವತ್ತು ಜನ ಅಂತ ಲೆಕ್ಕ ಕೊಟ್ಟ, ರನ್ನ ಲೆಕ್ಕ ಕೊಡಲಿಲ್ಲ, ಕೇಳಿದವನ ಮೈಮೇಲೆ ಏನಾಯ್ತು ಅಂತ ತೋರಿಸಿಬಿಟ್ಟ. ನನ್ನ ಮಟ್ಟಿಗೆ ಇದೇ ಮೇಲು.

ಇರುಳೋದುಗ
ಮೇಲು ಕೀಳು ಬೇಡ ಗುರುಗಳೇ, ಹೋಮರ್ ಕೂಡ ಅದನ್ನ ಮಾಡಿದಾನೆ. 18ನೇ ಕಾಂಡದಲ್ಲಿ ಆಪ್ತಗೆಳೆಯ ಪೆಟ್ರೋಕ್ಲಸ್ ಸತ್ತ ಮೇಲೆ ಅಕಿಲೀಸ್ ಆಯುಧ ಕೂಡ ಇಲ್ಲದೆ ಕಂದಕದ ಹತ್ರ ನಿಂತು ಮೂರು ಸಲ ಕೂಗ್ತಾನೆ, ಆ ಕೂಗಿಗೇ ಗಾಬರಿಬಿದ್ದು ಹನ್ನೆರಡು ಜನ ಟ್ರಾಯ್ ವೀರರು ತಮ್ಮದೇ ರಥ, ತಮ್ಮದೇ ಈಟಿಗಳ ನಡುವೆ ಸಾಯ್ತಾರೆ. ಅಲ್ಲೂ ಅವನ ದನಿಗೆ ಹೋಲಿಕೆ ಕಹಳೆಯದು, ವಿಶೇಷಣ ಮತ್ತೆ ಕಂಚು.

ಹಳೆಬೆಂಚು
ಒಪ್ಪಿದೆ, ಆದ್ರೂ ನೀರೊಳಗೆ ಬೆವರಿದ್ದು ಮರೆಯೋಕಾಗಲ್ಲ.

ಸೂಕ್ಷ್ಮದರ್ಶಕ
ವಿಷಯ ಸ್ವಲ್ಪ ಆಚೆ ಹೋಗುತ್ತೆ, ಆದ್ರೂ ಹೇಳಲೇಬೇಕು. ಸ್ಟೆಂಟಾರ್ ಅನ್ನೋ ಹೆಸರಿನ ಏಕಕೋಶ ಜೀವಿ ಇದೆ, ಕೆರೆ ಕೊಳದ ನೀರಲ್ಲಿ ಸಿಗುತ್ತೆ. ಒಂದೇ ಕೋಶ ಆದ್ರೂ 2 ಮಿಲಿಮೀಟರ್‌ವರೆಗೂ ಬೆಳೆಯುತ್ತೆ, ಬರಿಗಣ್ಣಿಗೇ ಕಾಣುತ್ತೆ. ಆಕಾರ ಥೇಟ್ ಕಹಳೆ, ಬಾಯಿ ಅಗಲ ಬುಡ ಸಣ್ಣ, ಅದಕ್ಕೇ 1815ರಲ್ಲಿ ಲೊರೆಂಟ್ಸ್ ಓಕೆನ್ ಈ ಹೆಸರು ಕೊಟ್ಟಿದ್ದು. ಚೂರು ಚೂರು ಮಾಡಿದ್ರೆ ಒಂದೊಂದು ಚೂರೂ ಮತ್ತೆ ಪೂರ್ತಿ ಜೀವಿ ಆಗಿ ಬೆಳೆಯಬಲ್ಲದು. ನೀಲಿ ಬಣ್ಣದ್ದೊಂದು ಜಾತಿ ಇದೆ, ಮೈಕ್ರೋಸ್ಕೋಪ್ ಕೆಳಗೆ ಅದನ್ನ ಮೊದಲ ಸಲ ನೋಡಿದಾಗ ನಾನು ಊಟದ ಬೆಲ್ ಹೊಡೆದಿದ್ದೂ ಕೇಳಿಸದೆ ನಿಂತಿದ್ದೆ.

ದಾರಿಹೋಕ
ಸದ್ದು ಮಾಡುತ್ತಾ ಅದು?

ಸೂಕ್ಷ್ಮದರ್ಶಕ
ಇಲ್ಲ, ಆಕಾರಕ್ಕೆ ಬಂದ ಹೆಸರು ಅಷ್ಟೆ. ಸದ್ದಿಗೆ ಬಂದ ಹೆಸರು ಬೇಕಿದ್ರೆ ದಕ್ಷಿಣ ಅಮೆರಿಕದ ಹೌಲರ್ ಕೋತಿ, ಅದನ್ನೂ ಹಿಂದಿನ ಜೀವಶಾಸ್ತ್ರಜ್ಞರು ಸ್ಟೆಂಟಾರ್ ಅಂತ ಕರೆದಿದ್ರು. ನಾಲಿಗೆ ಬುಡದ ಮೂಳೆ ಬುರುಡೆ ಥರ ಟೊಳ್ಳಾಗಿ ಉಬ್ಬಿರುತ್ತೆ, ಕೂಗು ಕಾಡಲ್ಲಿ ಮೈಲಿಗಟ್ಟಲೆ ದೂರ ಹೋಗುತ್ತೆ.

ಕಥೆಕೇಳುಗ
ಕಹಳೆ ಅಂದ್ರಲ್ಲ, ಅಕ್ಕನ ಕ್ಯಾಪ್ಟನ್‌ಗೆ ನೇರ ಸಂಬಂಧ ಇರೋದು ಒಂದಿದೆ. ಹಡಗಿನವರು ಬಾಯಿಗೆ ಹಿಡಿದು ಕೂಗೋ ತುತ್ತೂರಿ, ಅದನ್ನ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಮೋರ್ಲಂಡ್ 1670ರಲ್ಲಿ ಮಾಡಿ, ಮುಂದಿನ ವರ್ಷ ಅದರ ಬಗ್ಗೆ ಪುಸ್ತಿಕೆ ತಂದಾಗ ಇಟ್ಟ ಹೆಸರು 'ಟ್ಯೂಬಾ ಸ್ಟೆಂಟೋರೋಫೋನಿಕಾ', ಸ್ಟೆಂಟಾರ್ ದನಿಯ ಕೊಳವೆ! ಸಮುದ್ರದಲ್ಲೂ ನೆಲದಲ್ಲೂ ಬಹಳ ಉಪಯೋಗ ಅಂತ ಅದರ ಮುಖಪುಟದಲ್ಲೇ ಇತ್ತು. ಕಿರ್ಷರ್ ಅನ್ನೋ ಜರ್ಮನ್ ಪಂಡಿತ ಇದನ್ನ ನಾನು ಮೊದಲೇ ಮಾಡಿದ್ದೆ ಅಂತ ಜಗಳಕ್ಕೆ ಬಂದ. ಹಾಗಾಗಿ ಹಡಗಿನ ಡೆಕ್ ಮೇಲೆ ಈ ಪದ ಬಂದಿರೋದು ಸುಮ್ಮನೆ ಅಲ್ಲ ಅಂತ ನನಗನ್ಸುತ್ತೆ.

ಇನ್ನೊಂದು, ಸ್ಟೆಂಟಾರ್ ಹೇಗೆ ಸತ್ತ ಅಂತ ಹೋಮರ್ ಹೇಳಲ್ಲ, ಆದ್ರೆ ಇಲಿಯಡ್‌ಗೆ ಹಳೇ ಕಾಲದವರು ಬರೆದ ಟಿಪ್ಪಣಿಗಳಲ್ಲಿ ಇದೆ. ದೇವರುಗಳ ಸಾರುವವನು ಹರ್ಮೀಸ್ ಜೊತೆ ಯಾರ ದನಿ ದೊಡ್ಡದು ಅಂತ ಪಂದ್ಯಕ್ಕೆ ಬಿದ್ದು ಪ್ರಾಣ ಕಳ್ಕೊಂಡ ಅಂತ.

ಹಾಳೆಮಡಿಕೆ
ಇದು ಗೊತ್ತಿರಲಿಲ್ಲ. ಹಾಗಿದ್ರೆ 'ಕಂಚಿನ ಕಂಠದಲ್ಲಿ ಆಜ್ಞೆ ಕೊಟ್ಟ' ಅಂತ ಮಾಡಲಾ?

ನೀಲಿಶಾಯಿ
ನನ್ನದೊಂದು ತಕರಾರಿದೆ. ಈಗ ಕಂಚಿನ ಕಂಠ ಅಂದ್ರೆ ಓದುಗರ ತಲೆಗೆ ಬರೋದು ಗಾಯಕರು, ರಂಗನಟರು. ಕ್ಯಾಪ್ಟನ್ ಹಾಡೋಕೆ ನಿಂತ ಅನ್ಸುತ್ತೆ. ಪದದ ಮೂಲ ಸರಿ ಇರಬಹುದು, ಓದೋನ ಕಿವಿಗೆ ಬೇರೆ ಕೇಳುತ್ತೆ.

ಬೇರುಗೆಳೆಯ
ಬಿರುಗಾಳಿ ಮಧ್ಯೆ ಹಾಡ್ತಾನೆ ಅಂತ ಯಾರು ಅನ್ಕೋತಾರೆ? ಸುತ್ತಲಿನ ಸಾಲು ಅರ್ಥ ಕೊಡುತ್ತೆ.

ನೀಲಿಶಾಯಿ
ಕೊಡುತ್ತೆ, ಆದ್ರೆ ಒಂದು ಕ್ಷಣ ತಡೆಯುತ್ತೆ. ಬಿರುಗಾಳಿ ಸಾಲಲ್ಲಿ ಆ ಒಂದು ಕ್ಷಣ ಜಾಸ್ತಿ. 'ಕಂಠ' ಬಿಟ್ಟು 'ದನಿ' ಮಾಡಿ, 'ಆಜ್ಞೆ ಕೊಟ್ಟ' ಅನ್ನೋದು ಆಫೀಸಿನ ಮಾತು, ಅಲ್ಲಿ 'ಗುಡುಗಿದ' ಹಾಕಿ. 'ಹಾಯಿ ಇಳಿಸಿ ಎಂದು ಕಂಚಿನ ದನಿಯಲ್ಲಿ ಗುಡುಗಿದ.' ಹೋಮರನ ಕಂಚೂ ಬಂತು, ನೀವು ಹೇಳಿದ ಸ್ತನಿತಾನೂ ಬಂತು.

ಬೇರುಗೆಳೆಯ
ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನನ್ನದಕ್ಕಿಂತ ಚೆನ್ನಾಗಿದೆ.

ಹಾಳೆಮಡಿಕೆ
ಅದನ್ನೇ ಇಟ್ಟೆ. ಗಟ್ಟಿಯಾಗಿ ಓದಿ ನೋಡಿದೆ, ಸಾಲು ನಿಲ್ತು. ಆದ್ರೆ ಎರಡು ಪುಟ ಮುಂದೆ ಅದೇ ಕ್ಯಾಪ್ಟನ್‌ನ ದನಿಗೆ 'ಆರೊಟಂಡ್' ಅಂತ ಬಂದಿದೆ, ಅದಕ್ಕೆ ನಾಳೆ ಬೇರೆ ಪ್ರಶ್ನೆ ಹಾಕ್ತೀನಿ.

ಹಳೆಬೆಂಚು
ಅದು ಹೊರೇಸ್ ಕವಿಯ 'ಓರೆ ರೊಟುಂಡೊ', ತುಂಬುಬಾಯಿಯ ಮಾತು ಅಂತ. ಹಾಕಮ್ಮ, ಬೆಳಿಗ್ಗೆ ಎದ್ದು ಬರೀತೀನಿ.